ಗಾಜಿನ ಮನೆಯ ಕಾಡು



ಅಡಕೆ, ಬಾಳೆ, ಮೆಣಸು, ಏಲಕ್ಕಿಗಳು ನಮ್ಮ ಮಲೆನಾಡಿನ ತೋಟದವರಿಗೆ ಜೀವನೋಪಾಯವೇ ಹೊರತು ಕೌತುಕದ ವಸ್ತುಗಳಲ್ಲ. ಮುಂಗಾರು ಕಾಲಕ್ಕೆ ಸರಿಯಾಗಿ ಬಂದು, ಕೊಳೆರೋಗದ ಕಾಟವೊಂದು ತಪ್ಪಿತೆಂದರೆ, ಉಳಿದುದನ್ನು ನೆಲ, ನೀರು, ಬಿಸಿಲು, ಗಾಳಿಗಳು ತಮ್ಮ ಪಾಡಿಗೆ ತಾವು ನೋಡಿಕೊಳ್ಳುತ್ತವೆ. ಇಂತಹ ಗಿಡಗಳನ್ನೇ, ಇವುಗಳ ಸಾವಿರಾರು ಬಂಧುಬಳಗದೊಡನೆ, ಉತ್ತರ ಅಕ್ಷಾಂಶ ಐವತ್ತೊಂದೂವರೆ ಡಿಗ್ರಿಯಲ್ಲಿ, ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕು ಹೊಡೆಯುವ ಮುಂಚೆಯೇ ಸೂರ್ಯನು ಮುಳುಗಿಬಿಡುವ ಇಂಗ್ಲೆಂಡಿನಲ್ಲಿ, ಥೇಮ್ಸ್ ನದಿಯ ದಡದ ಕ್ಯೂ ಎಂಬ ಸಸ್ಯೋದ್ಯಾನದವರು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ನಮ್ಮಲ್ಲಿ ನಿಸರ್ಗವು ಕೂಲಿ ಕೇಳದೆ ಮಾಡುವ ಕೆಲಸವನ್ನೆಲ್ಲ ಅಲ್ಲಿ ಯಾರೋ ಕೈಯಾರೆ, ದಿನದಿನವೂ, ಹಬ್ಬಹರಿದಿನಗಳನ್ನೂ ಬಿಡದೆ ಮಾಡುತ್ತಿರಬೇಕಷ್ಟೆ. ಆ ಕೆಲಸದ ಸ್ವರೂಪವೇನೆಂಬುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಶೀತದೇಶದ ಗಾಜಿನ ಮನೆಯೆಂದೊಡನೆ ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರುವುದು ಶಾಖ. ಹೊರಗೆ ಹಿಮ, ಒಳಗೆ ಸೆಕೆ. ಇಷ್ಟಾದರೆ ಉಷ್ಣವಲಯದ ಗಿಡ ಬದುಕಿಕೊಂಡಿತು ಎಂದು ನಾವು ಭಾವಿಸುತ್ತೇವೆ. ವಸ್ತುತಃ ಈ ಉದ್ಯೋಗದಲ್ಲಿ ಶಾಖವೇ ಎಲ್ಲಕ್ಕಿಂತ ಸುಲಭವಾದ ಭಾಗ. ಹಣವಿದ್ದವರಿಗೆ ಇದ್ದಲು ಸಿಕ್ಕುತ್ತದೆ, ಎಣ್ಣೆ ಸಿಕ್ಕುತ್ತದೆ, ಅನಿಲ ಸಿಕ್ಕುತ್ತದೆ. ಸಿಕ್ಕದಿರುವುದು ಬೆಳಕು, ಸಿಕ್ಕಿದರೂ ನಿಲ್ಲದಿರುವುದು ಗಾಳಿಯಲ್ಲಿನ ತೇವ, ಇವೆರಡಕ್ಕೂ ಶಾಖಕ್ಕೂ ನಡುವೆ ಹೊಂದಿಕೆಯನ್ನು ಕಂಡುಕೊಳ್ಳುವುದು ಯಂತ್ರಕ್ಕೆ ಮುಂಚೆ ಮನುಷ್ಯನ ಕಣ್ಣಿನ ಕೆಲಸ.

ಕಟ್ಟಡದ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಕಿತ್ತಳೆಯ ಗಿಡಗಳನ್ನು ಚಳಿಗಾಲದಲ್ಲಿ ಕಟ್ಟಡದೊಳಕ್ಕೆ ಒಯ್ದು ಕಾಪಾಡುವ ಪದ್ಧತಿ ಯೂರೋಪಿನ ಅರಸರಲ್ಲಿಯೂ ಶ್ರೀಮಂತರಲ್ಲಿಯೂ ಹಿಂದಿನಿಂದ ಇದ್ದುದೇ. ಆದರೆ ಆ ಕಟ್ಟಡಗಳಿಗೆ ದಪ್ಪನೆಯ ಗೋಡೆಯೂ ಬೆಳಕು ಹಾಯದ ಮಾಡೂ ಇದ್ದು, ಗಾಜೆಂಬುದು ಕಿಟಕಿಗಳಿಗೆ ಮಾತ್ರ ಮೀಸಲಾಗಿದ್ದುದರಿಂದ, ಗಿಡವು ಅಲ್ಲಿ ಸಾಯದೆ ಉಳಿಯುತ್ತಿತ್ತೇ ಹೊರತು ಬೆಳೆಯುತ್ತಿರಲಿಲ್ಲ. ಛಾವಣಿಯನ್ನೇ ಗಾಜಿನಿಂದ ಮಾಡಬೇಕಾದರೆ ನೆರಳು ಬೀಳದಷ್ಟು ಸಪುರವಾಗಿಯೂ ಭಾರಕ್ಕೆ ಕುಸಿಯದಷ್ಟು ಗಟ್ಟಿಯಾಗಿಯೂ ಇರುವ ಕಂಬಿಗಳು ಬೇಕು. ಲೌಡನ್ ಎಂಬ ಸ್ಕಾಟ್ಲೆಂಡಿನ ಉದ್ಯಾನತಜ್ಞನು 1816ರಲ್ಲಿ ಬೇಕಾದಂತೆ ಬಾಗಿಸಬಹುದಾದ ಮೆದುಕಬ್ಬಿಣದ ಕಂಬಿಯನ್ನು ರೂಪಿಸಿದನು. 1845ರಲ್ಲಿ ಬ್ರಿಟನ್ನಿನ ಸರ್ಕಾರವು ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿತು. ಆ ವೇಳೆಗಾಗಲೇ, ಅಂದರೆ 1844ರಲ್ಲಿ, ಕ್ಯೂ ಉದ್ಯಾನದಲ್ಲಿ ತಾಳೆಯ ಜಾತಿಯ ಮರಗಳಿಗಾಗಿ ಪಾಮ್ ಹೌಸ್ ಎಂಬ ಮನೆಯ ಕೆಲಸ ಆರಂಭವಾಗಿತ್ತು. ಡೆಸಿಮಸ್ ಬರ್ಟನ್ ಎಂಬ ವಾಸ್ತುಶಿಲ್ಪಿಯೂ ರಿಚರ್ಡ್ ಟರ್ನರ್ ಎಂಬ ಡಬ್ಲಿನ್ನಿನ ಕಬ್ಬಿಣದ ಕಾರ್ಖಾನೆಯವನೂ ಸೇರಿ, ಹಡಗು ಕಟ್ಟುವವರು ಬಳಸುತ್ತಿದ್ದ ಬಗೆಯ ತೊಲೆಗಳನ್ನೇ ಕಮಾನುಗಳಾಗಿ ಬಾಗಿಸಿ, 363 ಅಡಿ ಉದ್ದ, ನಡುವೆ 100 ಅಡಿ ಅಗಲ, 66 ಅಡಿ ಎತ್ತರದ ಆ ಮನೆಯನ್ನು 1848ರಲ್ಲಿ ಮುಗಿಸಿದರು. ಒಳಗೆ ನಿಂತವನಿಗೆ ಮಗುಚಿ ಹಾಕಿದ ಹಡಗಿನ ಹೊಟ್ಟೆಯಲ್ಲಿ ನಿಂತಂತೆ ತೋರುವುದಕ್ಕೆ ಈ ಮೂಲವೇ ಕಾರಣ.

ಇಷ್ಟು ಸೊಗಸಾದ ಕಟ್ಟಡದ ಮೇಲೆ ಹೊಗೆಯ ಕೊಳವೆಗಳು ನಿಂತರೆ ಅಂದ ಕೆಡುವುದೆಂದು, ನೆಲಮಾಳಿಗೆಯ ಒಲೆಗಳ ಹೊಗೆಯನ್ನು ಸುರಂಗದ ಮೂಲಕ ಸುಮಾರು 500 ಅಡಿ ದೂರ ಸಾಗಿಸಿ, ಇಟಲಿಯ ಗಂಟೆಗೋಪುರದ ಆಕಾರದಲ್ಲಿ ಕಟ್ಟಿದ 107 ಅಡಿ ಎತ್ತರದ ಗೋಪುರವೊಂದರಿಂದ ಹೊರಬಿಡಲು ಯೋಜಿಸಿದರು. ಅದೇ ಸುರಂಗದಲ್ಲಿ ಕಂಬಿಗಳನ್ನು ಹಾಕಿ ಇದ್ದಲನ್ನು ಬಂಡಿಗಳಲ್ಲಿ ತಳ್ಳಿ ತರುವ ಏರ್ಪಾಡೂ ಆಯಿತು. ಹೊಗೆಗೆ ಸೌಂದರ್ಯಶಾಸ್ತ್ರ ತಿಳಿಯದು. ನೆಟ್ಟಗೆ ಮೇಲೇರುವ ಸ್ವಭಾವದ ಅದು ಅಷ್ಟು ದೂರ ಅಡ್ಡಡ್ಡಲಾಗಿ ಹರಿಯಲು ಒಪ್ಪಲಿಲ್ಲ. ತಗ್ಗಿನ ನೆಲಮಾಳಿಗೆಗೆ ನೀರು ನುಗ್ಗಿ ಒಲೆಗಳು ಆರುತ್ತಿದ್ದುದೂ ಉಂಟು. ಇನ್ನೊಂದು ಪ್ರಮಾದ ಇದಕ್ಕಿಂತ ಸ್ವಾರಸ್ಯವಾದುದು. ಬೇಸಗೆಯ ಬಿಸಿಲಿಗೆ ಎಲೆಗಳು ಸುಟ್ಟಾವೆಂಬ ಅಂಜಿಕೆಯಿಂದ, ರಾಬರ್ಟ್ ಹಂಟ್ ಎಂಬ ವಿಜ್ಞಾನಿಯ ಸಲಹೆಯಂತೆ, ತಾಮ್ರದ ಅಂಶವನ್ನು ಸೇರಿಸಿ ತಯಾರಿಸಿದ ಹಸುರು ಛಾಯೆಯ ಗಾಜನ್ನು ಮನೆಗೆಲ್ಲ ಹೊದಿಸಿದರು. ಲಂಡನ್ನಿನ ಆಗಿನ ಆಕಾಶವಾದರೋ ಸಾವಿರಾರು ಕೊಳವೆಗಳ ಮಸಿಯಿಂದ ಮುಸುಕಿದ ಆಕಾಶ. ಮೋಡವನ್ನೂ ಮಸಿಯನ್ನೂ ದಾಟಿ ಬಂದ ಅಲ್ಪಸ್ವಲ್ಪ ಬೆಳಕನ್ನು ಹಸುರು ಗಾಜು ಇನ್ನಷ್ಟು ಕಡಮೆ ಮಾಡಿತು. ಗಿಡಗಳಿಗೆ ಇದು ನೆರಳಲ್ಲ, ಉಪವಾಸ ಎಂಬುದನ್ನು ಒಪ್ಪಿಕೊಂಡು, ಬಿಳಿಯ ಗಾಜಿಗೆ ಮರಳುವ ವೇಳೆಗೆ ಶತಮಾನವೇ ಮುಗಿಯುತ್ತ ಬಂದಿತ್ತು.

ಬೆಳಕಿನ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿನಲ್ಲಿಯೂ ಬೆಂಗಳೂರಿಗೆ ಹನ್ನೊಂದು ಗಂಟೆಗೂ ಮೀರಿ ಬೆಳಕುಂಟು. ನಡುಹಗಲಿನ ಸೂರ್ಯನು ದಿಗಂತದಿಂದ ಐವತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ ಇರುತ್ತಾನೆ. ಅದೇ ದಿನ ಕ್ಯೂ ಉದ್ಯಾನಕ್ಕೆ ದೊರೆಯುವ ಹಗಲು ಎಂಟು ಗಂಟೆಗೂ ಕಡಮೆ, ಸೂರ್ಯನು ಏರುವ ಎತ್ತರ ಹದಿನೈದೇ ಡಿಗ್ರಿ, ಅದೂ ಮೋಡವಿಲ್ಲದಿದ್ದರೆ. ಎಲೆಗೆ ಆಹಾರವನ್ನು ತಯಾರಿಸಿಕೊಳ್ಳಲು ಬೆಳಕು ಬೇಕು. ಆದರೆ ತಯಾರಿಸಿಟ್ಟುದನ್ನು ಉಸಿರಾಟದಲ್ಲಿ ವೆಚ್ಚಮಾಡಲು ಬೆಳಕು ಬೇಕಿಲ್ಲ, ಶಾಖ ಸಾಕು. ಶಾಖ ಹೆಚ್ಚಿದಷ್ಟೂ ವೆಚ್ಚ ಹೆಚ್ಚು. ಆದುದರಿಂದ ಕತ್ತಲೆಯ ತಿಂಗಳುಗಳಲ್ಲಿ, ಪಾಪ, ಗಿಡಕ್ಕೆ ಚಳಿಯಾದೀತೆಂದು ಒಲೆಯನ್ನು ಜೋರಾಗಿ ಉರಿಸಿದವನು ಗಿಡವನ್ನು ವರಮಾನವಿಲ್ಲದೆ ವೆಚ್ಚಕ್ಕೆ ದೂಡಿದಂತಾಗುತ್ತದೆ. ಅದು ಬಿಳಿಚಿಕೊಂಡು, ಗೆಣ್ಣುಗಳು ಉದ್ದವಾಗಿ, ಎಲೆಗಳು ತೆಳುವಾಗಿ, ಬೆಳಕಿದ್ದ ಕಡೆಗೆ ಜೋಲಿ ಹೊಡೆಯುತ್ತದೆ. ನುರಿತವರು ಚಳಿಗಾಲದಲ್ಲಿ ಶಾಖವನ್ನು ಗಿಡ ತಾಳುವಷ್ಟು ಇಳಿಸಿ, ನೀರನ್ನೂ ಹಿಡಿದು, ಗೊಬ್ಬರವನ್ನು ನಿಲ್ಲಿಸಿ, ಅದನ್ನು ಅರೆನಿದ್ದೆಯಲ್ಲಿ ಇರಿಸುತ್ತಾರೆ. ಚಳಿಗಾಲ ಕಾಲಿಡುವ ಮುನ್ನ ಗಾಜುಗಳ ಮೇಲಿನ ಪಾಚಿ ಮಸಿಗಳನ್ನು ಉಜ್ಜಿ ತೊಳೆಯುತ್ತಾರೆ. ಪಾಮ್ ಹೌಸಿನ ಗಾಜಿನ ಹಲಗೆಗಳು ಸುಮಾರು ಹದಿನಾರು ಸಾವಿರವೆಂದ ಮೇಲೆ, ಇದು ಎಂತಹ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು. ಬೇಸಗೆ ಬಂದಿತೆಂದರೆ ಎಲ್ಲವೂ ತಲೆಕೆಳಗು. ಹಗಲು ಹದಿನಾರು ಗಂಟೆಗೂ ಮಿಗುತ್ತದೆ. ಗಾಜಿನ ಒಳಗೆ ಸಿಕ್ಕಿಬಿದ್ದ ಕಾವು ಹೊರಹೋಗದೆ ಎಲೆಗಳು ಬಾಡುತ್ತವೆ. ಆಗ ನೆತ್ತಿಯ ಕಿಂಡಿಗಳನ್ನು ತೆರೆದು, ಪರದೆಗಳನ್ನು ಎಳೆದು, ಹಿಂದೆ ಉಜ್ಜಿ ತೊಳೆದಿದ್ದ ಗಾಜಿಗೇ ತೆಳ್ಳನೆಯ ಸುಣ್ಣವನ್ನು ಬಳಿಯಬೇಕಾಗುತ್ತದೆ. ಇಷ್ಟರ ನಡುವೆ ದೈವವೂ ಒಮ್ಮೊಮ್ಮೆ ಕೈಕೊಡುವುದುಂಟು: 1879ರ ಆಗಸ್ಟ್ ತಿಂಗಳ ಒಂದು ಆಲಿಕಲ್ಲಿನ ಮಳೆಯಲ್ಲಿ ಕ್ಯೂ ಉದ್ಯಾನದ ಮನೆಗಳ ಮೂವತ್ತೆಂಟು ಸಾವಿರಕ್ಕೂ ಮಿಕ್ಕ ಗಾಜುಗಳು ಪುಡಿಯಾದವು.

ಇನ್ನು ಗಾಳಿಯ ತೇವ. ಸೊನ್ನೆ ಡಿಗ್ರಿಯ ಚಳಿಗಾಳಿಯು ಒಂದು ಘನ ಮೀಟರಿಗೆ ಐದು ಗ್ರಾಂ ನೀರಾವಿಯನ್ನು ಹೊತ್ತರೆ ಅದರ ಹೊಟ್ಟೆ ತುಂಬಿತು. ಇಪ್ಪತ್ತು ಡಿಗ್ರಿಯ ಗಾಳಿಗೆ ಹದಿನೇಳು ಗ್ರಾಂ ಬೇಕು. ಹೊರಗಿನ ಚಳಿಗಾಳಿ ಸಂದುಗಳಲ್ಲಿ ನುಸುಳಿ ಬಂದು, ಬಿಸಿಕೊಳವೆಗಳ ಸೋಂಕಿನಿಂದ ಕಾದಿತೆಂದರೆ, ಒಡನೆಯೇ ಅದು ಮರುಭೂಮಿಯ ಗಾಳಿಯಾಗಿ ಸಿಕ್ಕಸಿಕ್ಕ ಎಲೆಯಿಂದ ನೀರನ್ನು ಹೀರತೊಡಗುತ್ತದೆ. ಇದಕ್ಕಾಗಿಯೇ ಬಿಸಿಮನೆಯ ತೋಟಗಾರರ ಬೆಳಗು ಗಿಡದಿಂದ ಆರಂಭವಾಗದೆ ನೆಲದಿಂದ ಆರಂಭವಾಗುತ್ತದೆ. ಕಾಲುದಾರಿ, ಕಟ್ಟೆ, ಕೊಳವೆಯ ಮೇಲಿನ ಜಾಲರಿ ಎಲ್ಲವನ್ನೂ ನೀರು ಸುರಿದು ತೋಯಿಸುವುದು. ಒಣಗಿದಂತೆ ಮತ್ತೆ ತೋಯಿಸುವುದು. ಬೇಸಗೆಯಲ್ಲಿ ದಿನಕ್ಕೆ ಹಲವು ಬಾರಿ. ಹಾಗೆಂದು ಸಂಜೆಯ ಹೊತ್ತಿಗೆ ಎಲೆಗಳ ಮೇಲೆ ನೀರು ನಿಲ್ಲಬಾರದು; ನಿಂತರೆ ರಾತ್ರಿಯ ತಂಪಿಗೆ ಬೂಷ್ಟು ಹಿಡಿದು ಕೊಳೆಯುತ್ತದೆ. ಹಾಕುವ ನೀರಾದರೂ ಎಂತಹುದು? ಲಂಡನ್ನಿನ ನಲ್ಲಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಮಳೆಕಾಡಿನ ಅನೇಕ ಗಿಡಗಳಿಗೆ ಅದು ಒಗ್ಗದು, ಎಲೆಗಳ ಮೇಲೆ ಬಿಳಿಯ ಕಲೆಯನ್ನೂ ಉಳಿಸುತ್ತದೆ. ಗಾಜಿನ ಛಾವಣಿಯಿಂದ ಇಳಿಯುವ ಮಳೆನೀರನ್ನು ಒಳಗಿನ ತೊಟ್ಟಿಗಳಲ್ಲಿ ಸಂಗ್ರಹಿಸಿ, ಅದು ಮನೆಯ ಬಿಸುಪನ್ನು ಪಡೆದ ಮೇಲೆ ಉಪಯೋಗಿಸುವ ಪದ್ಧತಿ ಬಂದುದು ಇದರಿಂದ. ತಣ್ಣೀರನ್ನು ಬೆಚ್ಚನೆಯ ಎಲೆಯ ಮೇಲೆ ಚಿಮುಕಿಸಿದರೆ ಕೆಲವು ಗಿಡಗಳ ಎಲೆಯಲ್ಲಿ ಸುಟ್ಟಂತಹ ಕಲೆಗಳೇಳುವುದುಂಟು.

ಕುಂಡಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ತಿಳಿಯಲು ಹಳೆಯ ಕಾಲದ ಬ್ರಿಟಿಷ್ ತೋಟಗಾರರಲ್ಲಿ ಒಂದು ಉಪಾಯವಿತ್ತು. ಉದ್ದನೆಯ ಕೋಲಿನ ತುದಿಗೆ ನೂಲು ಸುತ್ತುವ ಮರದ ಉರುಳೆಯನ್ನು ಸಿಕ್ಕಿಸಿ, ಸಾಲಿನಲ್ಲಿರುವ ಮಣ್ಣಿನ ಕುಂಡಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವುದು. ಒಣಗಿದ ಕುಂಡ ಕಣಕಣನೆ ನುಡಿಯುತ್ತದೆ, ತೇವವಿರುವುದು ಮೊದ್ದಾಗಿ ಸದ್ದು ಮಾಡುತ್ತದೆ. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ನೋಡಿ ಕೊಳ್ಳುವ ನಮ್ಮ ಹೆಂಗಸರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪ್ಲಾಸ್ಟಿಕ್ ಕುಂಡಗಳು ಬಂದ ಮೇಲೆ ಈ ಸಂಗೀತ ನಿಂತಿತು. ಈಗ ಕುಂಡವನ್ನು ಎತ್ತಿ ತೂಕ ನೋಡಬೇಕು. ಕುಂಡದ ಗಿಡಕ್ಕೆ ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ. ಕಾಡಿನ ಮರದ ಬೇರು ನೀರನ್ನು ಅರಸಿ ಹತ್ತಾರು ಮಾರು ಹರಿದೀತು; ಕುಂಡದ ಬೇರು ಗೋಡೆಗೆ ತಗುಲಿ ತನ್ನನ್ನೇ ಸುತ್ತಿಕೊಳ್ಳುತ್ತದೆ. ಹೀಗಿದ್ದರೂ, ಫ್ರಾನ್ಸಿಸ್ ಮ್ಯಾಸನ್ ಎಂಬ ಸಸ್ಯಸಂಗ್ರಾಹಕನು 1775ರಲ್ಲಿ ದಕ್ಷಿಣ ಆಫ್ರಿಕದಿಂದ ತಂದ ಎನ್‌ಸೆಫಲಾರ್ಟಾಸ್ ಜಾತಿಯ, ಸೈಕಡ್ ಎಂಬ ಬಗೆಯ ಗಿಡವೊಂದು ಇಂದಿಗೂ ಕ್ಯೂ ಉದ್ಯಾನದಲ್ಲಿ ಕುಂಡದಲ್ಲಿಯೇ ಜೀವಿಸಿದೆ. ಲೋಕದ ಕುಂಡದ ಗಿಡಗಳಲ್ಲೆಲ್ಲ ಇದೇ ಹಿರಿಯದೆಂದು ಪ್ರತೀತಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗಿಂತಲೂ ಒಂದು ವರ್ಷ ಮೊದಲು ಬಂದ ಈ ಗಿಡದ ಬುಡಕ್ಕೆ ನೀರೆರೆದವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲವೆಂಬುದು ನನಗೆ ಖೇದದ ವಿಷಯ.

ಶಾಖವೇ ಸರ್ವಸ್ವವೆಂಬ ಭ್ರಮೆಗೆ ಹೆಚ್ಚಾಗಿ ಬಲಿಯಾದವು ಆರ್ಕಿಡ್‌ಗಳು. ನಮ್ಮ ಮಲೆನಾಡಿನ ಸೀತಾಳೆದಂಡೆಯ ಕುಟುಂಬಕ್ಕೆ ಸೇರಿದವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇವು ಹಡಗು ಹಡಗಾಗಿ ಇಂಗ್ಲೆಂಡಿಗೆ ಬಂದಿಳಿದವು. ಉಷ್ಣವಲಯದಿಂದ ಬಂದ ಮೇಲೆ ಉಷ್ಣವೇ ಬೇಕಲ್ಲವೆ ಎಂಬ ತರ್ಕದಿಂದ, ಗಾಳಿಯಾಡದ, ಹಬೆ ತುಂಬಿದ ಮನೆಗಳಲ್ಲಿ ಅವನ್ನು ಕೂಡಿಹಾಕಿದರು; ಅವು ಸಾವಿರ ಸಾವಿರವಾಗಿ ಸತ್ತವು. ಆಂಡೀಸ್ ಪರ್ವತಗಳ, ಖಾಸಿ ಗುಡ್ಡಗಳ ಮಂಜಿನಲ್ಲಿ, ಸದಾ ತೀಡುವ ತಂಗಾಳಿಯಲ್ಲಿ ಮರಕ್ಕೆ ಅಂಟಿ ಬೆಳೆಯುವ ಗಿಡಕ್ಕೆ ಸೆಕೆಯ ಕೋಣೆ ಸೆರೆಮನೆಯೇ ಸರಿ. ಡರ್ಬಿಶೈರಿನ ಚಾಟ್ಸ್‌ವರ್ತ್ ಎಂಬಲ್ಲಿ ಡ್ಯೂಕನೊಬ್ಬನ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಮೊದಲಾದ ಕೆಲವರು ಈ ಗಿಡಗಳು ಬೆಳೆಯುವ ಎತ್ತರವನ್ನೂ ತಾಣವನ್ನೂ ವಿಚಾರಿಸಿ ತಿಳಿದು, ಒಂದೊಂದು ಗುಂಪಿಗೆ ಒಂದೊಂದು ಹವೆಯ ಮನೆಯನ್ನು ಕಲ್ಪಿಸಿ, ಕಿಟಕಿಗಳನ್ನು ತೆರೆದ ಮೇಲೆ ಅವು ಬದುಕಿದವು.

ಪ್ಯಾಕ್ಸ್‌ಟನ್ನನ ಹೆಸರು ಬಂದ ಮೇಲೆ ವಿಕ್ಟೋರಿಯಾ ನೈದಿಲೆಯ ವೃತ್ತಾಂತವನ್ನು ಹೇಳದಿರಲಾಗದು. ಅಮೆಜಾನ್ ಸೀಮೆಯ ಈ ಜಲಸಸ್ಯದ ಎಲೆ ಮೊರದಂತೆ ಅಂಚು ಮಡಿಸಿಕೊಂಡು ಒಂದಾಳುದ್ದಕ್ಕೂ ಮಿಕ್ಕು ಹರಡುತ್ತದೆ. ಇದರ ಬೀಜ ಒಣಗಿದರೆ ಸತ್ತಂತೆ. ಎಷ್ಟೋ ಸಲ ಒಣಬೀಜಗಳು ಬಂದು ವ್ಯರ್ಥವಾದುವು. ಕೊನೆಗೆ 1849ರಲ್ಲಿ ಶುದ್ಧವಾದ ನೀರು ತುಂಬಿದ ಸೀಸೆಗಳಲ್ಲಿ ಗಯಾನಾದಿಂದ ಬಂದ ಬೀಜಗಳು ಕ್ಯೂ ಉದ್ಯಾನದಲ್ಲಿ ಮೊಳೆತವು. ಅದರಲ್ಲಿ ಒಂದು ಸಸಿಯನ್ನು ಪ್ಯಾಕ್ಸ್‌ಟನ್ನನು ಆಗಸ್ಟ್ ತಿಂಗಳಲ್ಲಿ ಕೊಂಡೊಯ್ದನು. ನಿಂತ ನೀರಿನಲ್ಲಿ ಅದು ಸೊರಗೀತೆಂದು, ಕಾಯಿಸಿದ ತೊಟ್ಟಿಯ ನೀರು ಹೊಳೆಯಂತೆ ಸದಾ ಅಲುಗಾಡುವಂತೆ ಪುಟ್ಟ ಚಕ್ರಗಳನ್ನು ಹೂಡಿದನು. ನವೆಂಬರ್ ತಿಂಗಳಲ್ಲಿಯೇ ಚಾಟ್ಸ್‌ವರ್ತಿನಲ್ಲಿ ಹೂ ಅರಳಿತು. ಆತನ ಎಳೆಯ ಮಗಳು ಆನಿ ಎಲೆಯ ಮೇಲೆ ನಿಂತ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೂವಿನ ವಿಲಾಸವೂ ವಿಚಿತ್ರವಾದುದು. ಮೊದಲ ಸಂಜೆ ಬೆಳ್ಳಗೆ ಅರಳಿ, ತನ್ನೊಳಗೆ ತಾನೇ ಬೆಚ್ಚಗಾಗಿ, ಅನಾನಸಿನಂತಹ ಕಂಪನ್ನು ಬೀರಿ, ದುಂಬಿಗಳನ್ನು ಕರೆದು, ಬೆಳಗಾಗುವುದರೊಳಗೆ ಅವುಗಳ ಸಮೇತ ಮುಚ್ಚಿಕೊಳ್ಳುತ್ತದೆ. ಮರುದಿನ ಸಂಜೆ ಗುಲಾಬಿಯ ಬಣ್ಣ ತಾಳಿ, ಪರಾಗ ಮೆತ್ತಿಕೊಂಡ ದುಂಬಿಗಳನ್ನು ಬಿಟ್ಟುಕೊಡುತ್ತದೆ. ಇಂಗ್ಲೆಂಡಿಗೆ ದುಂಬಿಗಳು ಗಿಡದ ಜತೆಯಲ್ಲಿ ಬರಲಿಲ್ಲ. ಆದಕಾರಣ ಬೀಜ ಬೇಕಾದಾಗ ಅವುಗಳ ಕೆಲಸವನ್ನೂ ತೋಟಗಾರರೇ ಕುಂಚ ಹಿಡಿದು ಮಾಡಬೇಕಾಗುತ್ತದೆ. ಈ ನೈದಿಲೆಗೆಂದು ಪ್ಯಾಕ್ಸ್‌ಟನ್ ಕಟ್ಟಿದ ಗಾಜಿನ ಮನೆಯ ರಚನೆಯ ಅನುಭವವೇ 1851ರ ಲಂಡನ್ ಮಹಾಪ್ರದರ್ಶನದ ಕ್ರಿಸ್ಟಲ್ ಪ್ಯಾಲೇಸ್ ಆಗಿ ಬೆಳೆಯಿತು. ಕ್ಯೂ ಉದ್ಯಾನದ ವಿಕ್ಟೋರಿಯಾ ನೈದಿಲೆಗಳಲ್ಲಿ ಮೂರನೆಯ ಒಂದು ಪ್ರಭೇದ ಅಡಗಿತ್ತೆಂಬುದು ಶಾಸ್ತ್ರೀಯವಾಗಿ ಪ್ರಕಟವಾದುದು 2022ರಲ್ಲಿ. ಅದರ ಒಣಮಾದರಿಯು ಅಲ್ಲಿನ ಭಂಡಾರದಲ್ಲಿ ನೂರೆಪ್ಪತ್ತೇಳು ವರ್ಷ ಇದ್ದರೂ ಯಾರ ಕಣ್ಣಿಗೂ ಬೇರೆಯೆಂದು ಹೊಳೆದಿರಲಿಲ್ಲ.

ದುಂಬಿ ಬಾರದಿದ್ದರೂ ಶತ್ರುಗಳು ತಪ್ಪದೆ ಬಂದವು. ಹಿಟ್ಟುತಿಗಣೆ, ಶಲ್ಕಕೀಟ, ಬಿಳಿನೊಣ, ಕೆಂಪುನುಸಿ—ಮಳೆಯ ಹೊಡೆತವಿಲ್ಲದ, ಹಕ್ಕಿಗಳ ಭಯವಿಲ್ಲದ, ವರ್ಷವೆಲ್ಲ ಬೆಚ್ಚಗಿರುವ ಗಾಜಿನ ಮನೆ ಇವುಗಳ ಪಾಲಿಗೆ ಸ್ವರ್ಗ. ಹಿಂದಿನವರು ಬಾಗಿಲುಗಳನ್ನು ಮುಚ್ಚಿ ಹೊಗೆಸೊಪ್ಪಿನ ಹೊಗೆ ಹಾಕುತ್ತಿದ್ದರು; ಆಮೇಲೆ ಒಂದಕ್ಕಿಂತ ಒಂದು ಘೋರವಾದ ವಿಷಗಳು ಬಂದವು. 1926ರಲ್ಲಿ ಇಂಗ್ಲೆಂಡಿನ ತೋಟವೊಂದರಲ್ಲಿ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಡುವ ಧೂಳಿನ ಕಣದಷ್ಟು ಸಣ್ಣ ಕಣಜವೊಂದು ಕಣ್ಣಿಗೆ ಬಿದ್ದು, ಅದನ್ನು ಬೆಳೆಸಿ ಹಂಚುವ ಕಾರ್ಯ ನಡೆಯಿತು, ಡಿ.ಡಿ.ಟಿ. ಬಂದಾಗ ಜನ ಅದನ್ನು ಮರೆತರು; ವಿಷಕ್ಕೆ ಕೀಟಗಳು ಒಗ್ಗಿಕೊಂಡ ಮೇಲೆ ಮತ್ತೆ ನೆನೆದರು. ಹಿಟ್ಟುತಿಗಣೆಯನ್ನು ತಿನ್ನಲು ಗಾಜಿನ ಮನೆಗಳಲ್ಲಿ ಬಿಡುವ ಗುಲಗಂಜಿಹುಳುವಂತೂ ನಮ್ಮ ಕಾಫಿ ಬೆಳೆಗಾರರಿಗೆ ಪರಿಚಿತವಾದುದು. ಆಸ್ಟ್ರೇಲಿಯಾದ ಆ ಕೀಟವನ್ನು ಕಾಫಿಯ ಹಸಿರು ತಿಗಣೆಯ ನಿವಾರಣೆಗೆಂದು 1898ರಲ್ಲಿ ಭಾರತಕ್ಕೆ ತಂದರು.

ಗಿಡ ಸತ್ತರೆ ಒಂದು ಚಿಂತೆ, ಚೆನ್ನಾಗಿ ಬೆಳೆದರೆ ಇನ್ನೊಂದು. ತೆಂಗು ತಾಳೆಗಳ ಜಾತಿಗೆ ಬೆಳೆಯುವ ಸುಳಿ ಒಂದೇ. ತಲೆ ಗಾಜಿಗೆ ತಗುಲಿತೆಂದು ಅದನ್ನು ಸವರುವಂತಿಲ್ಲ, ಸವರಿದರೆ ಮರವೇ ಹೋಯಿತು. ಹೀಗೆ ದಶಕಗಳ ಕಾಲ ಸಾಕಿದ ಮರವನ್ನು ಛಾವಣಿ ಮುಟ್ಟಿದ ದಿನ ಕಡಿದುಹಾಕುವುದು ಈ ಉದ್ಯೋಗದ ನಿಷ್ಠುರವಾದ ನಿಯಮ. 1846ರಲ್ಲಿ ಚಿಲಿ ದೇಶದಿಂದ ಬಂದ ಬೀಜದಿಂದ ಎಬ್ಬಿಸಿದ ತಾಳೆಯೊಂದು ಕ್ಯೂ ಉದ್ಯಾನದ ಟೆಂಪರೇಟ್ ಹೌಸ್ ಎಂಬ ಇನ್ನೊಂದು ಗಾಜಿನ ಮನೆಯಲ್ಲಿ ಐವತ್ತು ಅಡಿಗೂ ಮೀರಿ ಬೆಳೆದು, ಆ ಮನೆಯ ಜೀರ್ಣೋದ್ಧಾರದ ಸಂದರ್ಭದಲ್ಲಿ ಹೀಗೆಯೇ ಕೊಡಲಿಗೆ ಬಲಿಯಾಯಿತು. ಚಾಟ್ಸ್‌ವರ್ತಿನದು ಇದಕ್ಕಿಂತ ದೊಡ್ಡ ದುರಂತ. ಪ್ಯಾಕ್ಸ್‌ಟನ್ 1840ರ ವೇಳೆಗೆ ಕಟ್ಟಿ ಮುಗಿಸಿದ್ದ ಮಹಾ ಬಿಸಿಮನೆಗೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದ್ದಲು ಸಿಕ್ಕಲಿಲ್ಲ, ಆಳುಗಳು ರಣರಂಗಕ್ಕೆ ಹೋದರು, ಗಿಡಗಳು ಸತ್ತವು, ಬರಿದಾದ ಮನೆಯನ್ನು 1920ರಲ್ಲಿ ಸಿಡಿಮದ್ದಿಟ್ಟು ಕೆಡವಿದರು.

ಈ ಮನೆಗಳು ಬರಿಯ ವಿಲಾಸಕ್ಕಾಗಿ ಇರಲಿಲ್ಲವೆಂಬುದನ್ನೂ ಹೇಳಬೇಕು. 1829ರಲ್ಲಿ ವಾರ್ಡ್ ಎಂಬ ಲಂಡನ್ನಿನ ವೈದ್ಯನೊಬ್ಬನು ಪತಂಗದ ಗೂಡನ್ನು ಮುಚ್ಚಿಟ್ಟ ಸೀಸೆಯೊಳಗೆ ಜರೀಗಿಡವೊಂದು ತಾನಾಗಿ ಮೊಳೆತುದನ್ನು ಕಂಡು, ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಸಸಿಗಳನ್ನು ಸಮುದ್ರದಾಚೆಗೆ ಸಾಗಿಸುವ ಉಪಾಯವನ್ನು ಹೂಡಿದನು. ಚೀನದ ಚಹಾ ಹಿಮಾಲಯದ ತಪ್ಪಲಿಗೆ ಬಂದುದು ಇಂತಹ ಪೆಟ್ಟಿಗೆಗಳಲ್ಲಿಯೇ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಬ್ರೆಜಿಲಿನಿಂದ ತಂದ ಸುಮಾರು 70,000 ರಬ್ಬರು ಬೀಜಗಳನ್ನು ಬಿತ್ತುವುದಕ್ಕಾಗಿ ಕ್ಯೂ ಉದ್ಯಾನದ ಬಿಸಿಮನೆಗಳಲ್ಲಿ ಇದ್ದ ಗಿಡಗಳನ್ನು ಹೊರಸಾಗಿಸಿ ಎಡೆ ಮಾಡಿದರು. ನೂರಕ್ಕೆ ನಾಲ್ಕರಷ್ಟೂ ಮೊಳೆಯಲಿಲ್ಲ. ಮೊಳೆತವುಗಳಲ್ಲಿ ಬಹುಪಾಲು ಸಿಂಹಳಕ್ಕೆ ಹೋದವು. ಕೇರಳದ, ನಮ್ಮ ಸುಳ್ಯದ ಕಡೆಯ ರಬ್ಬರು ತೋಟಗಳು ಬಹುಮಟ್ಟಿಗೆ ಆ ಕೆಲವೇ ಸಸಿಗಳ ವಂಶ. ಇದನ್ನು ವಿಜ್ಞಾನದ ವಿಜಯವೆಂದು ಹೊಗಳಿದವರುಂಟು, ಬ್ರೆಜಿಲಿನ ಸ್ವತ್ತಿನ ಅಪಹಾರವೆಂದು ದೂರಿದವರೂ ಉಂಟು. ಎರಡನೆಯವರ ಮಾತಿನಲ್ಲಿ ಹುರುಳು ಹೆಚ್ಚೆಂದು ನನ್ನ ಅಭಿಪ್ರಾಯ.

ಸುಮಾತ್ರಾ ದ್ವೀಪದ ದೈತ್ಯಗೆಡ್ಡೆಯೊಂದು ತನ್ನ ನಾಡಿನಿಂದ ಹೊರಗೆ ಮೊತ್ತಮೊದಲು ಹೂಬಿಟ್ಟುದು ಕ್ಯೂ ಉದ್ಯಾನದಲ್ಲಿ, 1889ರಲ್ಲಿ. ಆಳೆತ್ತರವನ್ನು ಮೀರುವ ಆ ಹೂಗೊಂಚಲು ಕೊಳೆತ ಮಾಂಸದಂತೆ ನಾರುತ್ತದೆ. 1926ರಲ್ಲಿ ಮತ್ತೊಮ್ಮೆ ಅರಳಿದಾಗ ಜನಸಂದಣಿಯನ್ನು ತಡೆಯಲು ಪೋಲೀಸರನ್ನು ಕರೆಸಬೇಕಾಯಿತಂತೆ. ಅದು ನಮ್ಮ ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದುದು. ನಮ್ಮದನ್ನು ನಾವು ಹುಳಿ ಮಾಡಿ ಉಣ್ಣುತ್ತೇವೆ. ಅದೇ 1889ರ ನವೆಂಬರಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವನ್ನಿಟ್ಟನು. ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯನ್ನು ಮನಸ್ಸಿನಲ್ಲಿರಿಸಿಕೊಂಡು ಅದನ್ನು ಎಬ್ಬಿಸಿದ ಜಾನ್ ಕ್ಯಾಮೆರಾನ್ ಕ್ಯೂ ಉದ್ಯಾನದಲ್ಲಿ ಪಳಗಿದವನು. ಕಬ್ಬಿಣ ಗ್ಲಾಸ್ಗೋ ನಗರದಿಂದ ಬಂದಿತು. ಆದರೆ ನಮ್ಮ ಗಾಜಿನ ಮನೆಗೆ ಒಲೆಯಿಲ್ಲ, ಬಿಸಿಕೊಳವೆಯಿಲ್ಲ, ಪಕ್ಕಗಳೆಲ್ಲ ತೆರವು. ಹೊರಗೆ ಬೆಳೆದ ಗಿಡವನ್ನು ಒಳಗೆ ತಂದು ತೋರಿಸುವುದಕ್ಕೇ ಹೊರತು ಸಾವಿನಿಂದ ಉಳಿಸುವುದಕ್ಕಾಗಿ ಅದು ಹುಟ್ಟಿದುದಲ್ಲ. ಕ್ಯಾಮೆರಾನನ ತರುವಾಯ ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್, ಆಮೇಲೆ ನಮ್ಮವರೇ ಆದ ಜವರಾಯರು, ಮರೀಗೌಡರು—ಇವರೆಲ್ಲರೂ ಕ್ಯೂ ಉದ್ಯಾನದಲ್ಲಿ ದುಡಿದೋ ಕಲಿತೋ ಬಂದವರು. ಅಲ್ಲಿ ಒಂದು ಗಿಡವನ್ನು ಬದುಕಿಸಲು ಪಡುವ ಪಾಡನ್ನು ಕಣ್ಣಾರೆ ಕಂಡವರ ಕೈಗೆ ಎಲ್ಲವೂ ಬಯಲಿನಲ್ಲೇ ಬೆಳೆಯುವ ನೆಲ ಸಿಕ್ಕಿದ್ದು ಬೆಂಗಳೂರಿನ ಭಾಗ್ಯವೇ ಸರಿ.

ಈಚಿನ ದಿನಗಳಲ್ಲಿ ಗಾಜಿನ ಮನೆಗಳಿಗೆ ಮತ್ತೊಂದು ಹೊಣೆ ಬಂದಿದೆ. ಹುಟ್ಟಿದ ನೆಲದಲ್ಲಿ ನೆಲೆ ತಪ್ಪಿದ ಗಿಡಗಳನ್ನು ಉಳಿಸಿಕೊಳ್ಳುವ ಹೊಣೆ. ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದಲ್ಲಿ ಕಾಫಿಯ ಕುಟುಂಬಕ್ಕೆ ಸೇರಿದ, ಅಳಿದೇಹೋಯಿತೆಂದು ತಿಳಿದಿದ್ದ ಗಿಡದ ಒಂದೇ ಒಂದು ಪೊದೆಯನ್ನು ಶಾಲಾಬಾಲಕನೊಬ್ಬನು ಗುರುತಿಸಿದನು. 1986ರಲ್ಲಿ ಅದರ ಕಡ್ಡಿಗಳನ್ನು ವಿಮಾನದಲ್ಲಿ ಕ್ಯೂ ಉದ್ಯಾನಕ್ಕೆ ತಂದು ನೆಟ್ಟಾಗ ಒಂದು ಬೇರುಬಿಟ್ಟಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರನು ಶಲಾಕೆಯ ತುದಿಯನ್ನು ಕತ್ತರಿಸಿ ಪರಾಗವನ್ನಿಡುವುದೇ ಮೊದಲಾದ ಪ್ರಯೋಗಗಳನ್ನು ಪಟ್ಟುಹಿಡಿದು ನಡೆಸಿ 2003ರಲ್ಲಿ ಕಾಯಿ ಪಡೆದನು. ಅದರ ಬೀಜಗಳು ತವರಿಗೆ ಮರಳಿದವು. ರುವಾಂಡಾದ ಬಿಸಿನೀರಿನ ಬುಗ್ಗೆಯೊಂದರ ಅಂಚಿನಲ್ಲಿ ಮಾತ್ರ ಇದ್ದ, ಲೋಕದ ಅತಿ ಪುಟ್ಟ ನೈದಿಲೆ, ಬುಗ್ಗೆಯ ನೀರನ್ನು ಬೇರೆಡೆಗೆ ತಿರುಗಿಸಿದ್ದರಿಂದ 2008ರ ಹೊತ್ತಿಗೆ ಅಲ್ಲಿ ಕಾಣದಾಯಿತು. ಆಳದ ನೀರಿನಲ್ಲಿ ಅದರ ಸಸಿಗಳು ಒಂದೊಂದಾಗಿ ಸಾಯುತ್ತಿದ್ದುದನ್ನು ಕಂಡ ಅದೇ ಮ್ಯಾಗ್ಡಲೀನಾ, ಮಿಕ್ಕ ನೈದಿಲೆಗಳಂತಲ್ಲದೆ ಇದು ಗಾಳಿಗೆ ಮೈಯೊಡ್ಡಿ, ಬೆಚ್ಚನೆಯ ಕೆಸರಿನಲ್ಲಿ ಬೆಳೆಯುವುದೆಂದು ಗ್ರಹಿಸಿ, ನೀರಿನ ಮಟ್ಟಕ್ಕೆ ಅದನ್ನು ಏರಿಸಿ 2009ರಲ್ಲಿ ಬೆಳೆಸಿದನು. 2014ರ ಜನವರಿಯಲ್ಲಿ ಅವುಗಳಲ್ಲಿ ಒಂದನ್ನು ಪ್ರದರ್ಶನದ ಮನೆಯಿಂದಲೇ ಯಾರೋ ಕದ್ದೊಯ್ದರು. ರಬ್ಬರಿನ ಬೀಜಗಳನ್ನು ನೆನೆದವರು ಇಲ್ಲಿ ನಕ್ಕರೆ ಅವರನ್ನು ತಪ್ಪೆನ್ನಲಾಗದು.

ಎಲ್ಲವೂ ಹೀಗೆ ಸಫಲವಾಗುವುದಿಲ್ಲ. ದಕ್ಷಿಣ ಆಫ್ರಿಕದ ನಟಾಲ್ ಸೀಮೆಯ ಕಾಡೊಂದರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞನು 1895ರಲ್ಲಿ ಸೈಕಡ್ ಒಂದನ್ನು ಕಂಡನು. ಸೈಕಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಆತನು ಕಂಡುದು ಗಂಡು. ಅದರ ಕಂದೊಂದು 1899ರಲ್ಲಿ ಕ್ಯೂ ಉದ್ಯಾನಕ್ಕೆ ಬಂದು, ನೂರು ವರ್ಷಗಳಿಗೂ ಮೇಲ್ಪಟ್ಟು ಬೆಳೆದು, 2004ರಲ್ಲಿ ಮೊದಲ ಬಾರಿಗೆ ಶಂಕುವನ್ನು ಬಿಟ್ಟಿತು. ಲೋಕದ ನಾನಾ ಉದ್ಯಾನಗಳಲ್ಲಿ ಇಂದು ಇರುವ ಆ ಜಾತಿಯ ಗಿಡಗಳೆಲ್ಲವೂ ಆ ಒಂದೇ ಗಂಡಿನ ಕಂದುಗಳು. ಹೆಣ್ಣು ಗಿಡ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಗಾಜಿನ ಮನೆಯು ಗಿಡವನ್ನು ಉಳಿಸಬಲ್ಲುದು. ಅದರ ಸಂತಾನಕ್ಕೆ ಬೇಕಾದ ಸಂಗಾತಿಯನ್ನೂ ದುಂಬಿಯನ್ನೂ ಕಾಡನ್ನೂ ಅದು ಉತ್ಪತ್ತಿಮಾಡಲಾರದು.

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಲಂಡನ್ನಿಗೆ ಹೋಗುವ ನಮ್ಮವರು ಈಗ ಕಡಮೆಯೇನಲ್ಲ. ಮಕ್ಕಳನ್ನು ನೋಡಿಬರಲು ಹೋಗುವ ತಂದೆತಾಯಿಗಳೂ ಬಹಳ. ಅವರಲ್ಲಿ ನನ್ನದೊಂದು ವಿಜ್ಞಾಪನೆ. ಕ್ಯೂ ಉದ್ಯಾನವನ್ನು ಎಲ್ಲರೂ ಜೂನ್ ತಿಂಗಳಲ್ಲಿ ನೋಡುತ್ತಾರೆ. ತಾವು ಸಾಧ್ಯವಾದರೆ ಡಿಸೆಂಬರಿನಲ್ಲಿ, ಬಾಗಿಲು ತೆರೆದೊಡನೆ ಹೋಗಿರಿ. ಬಾಳೆಯನ್ನೂ ಮೆಣಸಿನ ಬಳ್ಳಿಯನ್ನೂ ಕಂಡು ಸಂತೋಷಪಟ್ಟಾದ ಮೇಲೆ, ನೆಲಕ್ಕೆ ನೀರು ಹಾಕುತ್ತಿರುವ ತೋಟಗಾರರ ಬಳಿ ನಿಂತು, ಈ ತಿಂಗಳಲ್ಲಿ ಇವಕ್ಕೆ ಎಷ್ಟು ನೀರು, ಎಷ್ಟು ಶಾಖ, ಏಕೆ ಎಂದು ಕೇಳಿರಿ.